ಮರಳಿದವರ ಯೋಗಕ್ಷೇಮ

1975ರ ಏಪ್ರಿಲ್ 30ರಂದು ಸೈಗಾನ್ ನಗರವು ಉತ್ತರ ವಿಯೆಟ್ನಾಮಿನ ಸೈನ್ಯದ ವಶವಾಯಿತು. ದೀರ್ಘಕಾಲದ ಯುದ್ಧವೇನೋ ಮುಗಿಯಿತು. ಆದರೆ ಹೊಸ ಆಡಳಿತದ ಭಯದಿಂದಲೂ ಬಡತನದ ಬೇಗೆಯಿಂದಲೂ ಲಕ್ಷಾಂತರ ಜನರು ದೇಶವನ್ನು ತೊರೆದರು. ಸಣ್ಣ ದೋಣಿಗಳಲ್ಲಿ ಕಡಲನ್ನು ದಾಟಹೊರಟ ಇವರಿಗೆ ‘ದೋಣಿಯ ಜನ’ ಎಂದೇ ಹೆಸರಾಯಿತು. ಬಿರುಗಾಳಿಗೂ ಕಡಲುಗಳ್ಳರಿಗೂ ತುತ್ತಾಗದೆ ಉಳಿದವರು ಮಲೇಷಿಯಾ, ಥಾಯ್ಲೆಂಡ್, ಇಂಡೊನೇಷಿಯಾ, ಹಾಂಗ್‌ಕಾಂಗ್ ಮೊದಲಾದೆಡೆ ದಡ ಸೇರಿದರು.

ಮೊದಮೊದಲು ಇವರನ್ನೆಲ್ಲ ನಿರಾಶ್ರಿತರೆಂದೇ ಎಣಿಸಿ ಅಮೆರಿಕವೇ ಮೊದಲಾದ ರಾಷ್ಟ್ರಗಳಲ್ಲಿ ನೆಲೆಗೊಳಿಸಲಾಗುತ್ತಿತ್ತು. ವರ್ಷಗಳು ಉರುಳಿದರೂ ದೋಣಿಗಳು ಬರುವುದು ನಿಲ್ಲಲಿಲ್ಲ. 1989ರ ಜೂನ್ ತಿಂಗಳಿನಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಸಮಗ್ರ ಕಾರ್ಯಯೋಜನೆಯೊಂದನ್ನು ಅಂಗೀಕರಿಸಿತು. ಹೊಸದಾಗಿ ಬಂದವರನ್ನು ವಿಚಾರಿಸಿ, ಕಿರುಕುಳದ ಭೀತಿಗೆ ಸಕಾರಣವುಳ್ಳವರಿಗೆ ಮಾತ್ರ ಆಶ್ರಯ ನೀಡಬೇಕು. ಉಳಿದವರು ಸ್ವದೇಶಕ್ಕೆ ಮರಳಬೇಕು ಎಂಬುದು ಅದರ ತಿರುಳು. ಅದೇ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಸರ್ಕಾರವು 51 ಮಂದಿಯನ್ನು ಬಲವಂತವಾಗಿ ಹಿಂದಕ್ಕೆ ಕಳುಹಿಸಿದಾಗ ಹಲವು ದೇಶಗಳಲ್ಲಿ ಪ್ರತಿಭಟನೆ ಎದ್ದಿತು. ಮರಳಿದವರ ರಕ್ಷಣೆಗೆ ಹೊಣೆ ಯಾರು?

1988ರ ಡಿಸೆಂಬರಿನಲ್ಲಿಯೇ ವಿಯೆಟ್ನಾಂ ಸರ್ಕಾರವು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ ಕಚೇರಿಯೊಡನೆ ಒಪ್ಪಂದ ಮಾಡಿಕೊಂಡು, ಸ್ವಇಚ್ಛೆಯಿಂದ ಮರಳಿದವರನ್ನು ದೇಶ ತೊರೆದ ಕಾರಣಕ್ಕಾಗಿ ದಂಡಿಸುವುದಿಲ್ಲವೆಂದು ಮಾತು ಕೊಟ್ಟಿತ್ತು. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ನೋಡುವವರೂ ಬೇಕಷ್ಟೆ. ಆ ಕಚೇರಿಯ ಸಿಬ್ಬಂದಿ ಮರಳಿದವರಲ್ಲಿ ಅನೇಕರ ಮನೆಗಳಿಗೆ ಹೋಗಿ ವಿಚಾರಿಸತೊಡಗಿದರು. ಯಾರನ್ನಾದರೂ ಬಂಧಿಸಲಾಗಿದೆಯೆ? ಜೀವನೋಪಾಯ ದೊರೆಯಿತೆ? ಕುಟುಂಬದ ಹೆಸರು ಸರ್ಕಾರದ ಗೃಹದಾಖಲೆಯಲ್ಲಿ ಮತ್ತೆ ಸೇರಿತೆ? ಈ ಕೊನೆಯ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಹೆಸರು ದಾಖಲಾಗದವನು ತನ್ನ ಊರಿನಲ್ಲಿಯೇ ಪರಕೀಯನಾಗುತ್ತಿದ್ದನು.

ಪ್ರಯಾಣದ ವೆಚ್ಚಕ್ಕಾಗಿ ಇದ್ದುದೆಲ್ಲವನ್ನೂ ಮಾರಿದವರು ಬರಿಗೈಯಲ್ಲಿ ಮರಳಿದ್ದರು. ಅವರಿಗೆ ಧನಸಹಾಯ ದೊರಕಿತು. ಅವರು ನೆಲೆಸಿದ ಊರುಗಳಲ್ಲಿ ಶಾಲೆ, ನೀರು ಮುಂತಾದ ಸೌಕರ್ಯಗಳನ್ನೂ ಕಲ್ಪಿಸಲಾಯಿತು. ಇದರ ಫಲವು ಊರಿನಲ್ಲಿಯೇ ಉಳಿದು ಕಷ್ಟಪಟ್ಟವರಿಗೂ ಸಂದುದರಿಂದ ನೆರೆಹೊರೆಯವರ ಅಸೂಯೆಗೆ ಆಸ್ಪದ ಕಡಿಮೆಯಾಯಿತು.

1996ರ ಜೂನ್ 30ರಂದು ಯೋಜನೆ ಮುಕ್ತಾಯವಾಯಿತು. ಅದರನ್ವಯ 1,09,000ಕ್ಕೂ ಹೆಚ್ಚು ಜನ ವಿಯೆಟ್ನಾಮಿಗೆ ಮರಳಿದರು. ದೇಶ ತೊರೆದುದಕ್ಕಾಗಿ ಅವರನ್ನು ವ್ಯಾಪಕವಾಗಿ ಪೀಡಿಸಿದ ನಿದರ್ಶನ ಕಾಣಲಿಲ್ಲವೆಂದು ಹೈಕಮಿಷನರ ಕಚೇರಿ ತಿಳಿಸಿತು. ಎಲ್ಲರೂ ಇದರಿಂದ ತೃಪ್ತರಾಗಲಿಲ್ಲ. ಒಂದು ದಿನ ಬಂದುಹೋಗುವ ಅತಿಥಿಯ ಮುಂದೆ, ಅದೇ ಊರಿನಲ್ಲಿ ಬಾಳಬೇಕಾದವನು ಮನಸ್ಸು ಬಿಚ್ಚಿ ಮಾತನಾಡಬಲ್ಲನೆ? ಈ ಸಂದೇಹ ನ್ಯಾಯವಾದುದೇ. ಆದುದರಿಂದಲೇ ಒಮ್ಮೆ ಬಂದು ಕೇಳಿದವರು ಮತ್ತೊಮ್ಮೆ ಬರುವುದು ಅವಶ್ಯಕ. ದುರ್ಬಲನನ್ನು ಲೋಕ ಮರೆತಿಲ್ಲವೆಂಬ ಅರಿವೇ ಅವನಿಗೆ ಕಾವಲು.