ಹಲ್ಲಿಗೆ ಕ್ಲಿಪ್: ಸಲಹೆಯ ಹಿಂದಿನ ಪುರಾವೆಯನ್ನು ಕೇಳುವ ಬಗೆ

ಉದ್ದೇಶ: ಚಿಕಿತ್ಸಾ ಸಲಹೆಗೆ ಆಧಾರವಾದ ಪುರಾವೆಯನ್ನು ವಿಚಾರಿಸುವ ಕ್ರಮವನ್ನು ಸದಸ್ಯರು ಅರಿತು ಪೋಷಕರಿಗೆ ತಿಳಿಸುವುದು.

1. ಪುರಾವೆ ಆಧಾರಿತ ಚಿಕಿತ್ಸೆ
ಓರೆಕೋರೆ ಹಲ್ಲುಗಳನ್ನು ಸರಿಪಡಿಸುವ ತಜ್ಞರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಭಾರತದಲ್ಲಿ ದಂತವೈದ್ಯಕೀಯ ಪದವಿಯ ನಂತರ ಮೂರು ವರ್ಷಗಳ ಸ್ನಾತಕೋತ್ತರ ವ್ಯಾಸಂಗ ಮಾಡಿದವರು ಈ ತಜ್ಞರಾಗುತ್ತಾರೆ. ಅವರ ನಿರ್ಧಾರಕ್ಕೆ ಮೂರು ಆಧಾರಗಳಿರಬೇಕು: ಲಭ್ಯವಿರುವ ಉತ್ತಮ ಸಂಶೋಧನೆ, ವೈದ್ಯರ ಅನುಭವ ಹಾಗೂ ರೋಗಿಯ ಅಪೇಕ್ಷೆ. ಡೇವಿಡ್ ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಸ್ಪಷ್ಟಪಡಿಸಿದಂತೆ, ಸಂಶೋಧನೆಯೊಂದೇ ಸಾಲದು. ಅನುಭವವೊಂದೇ ಸಹ ಸಾಲದು.

2. ನಿದರ್ಶನ: ಉಬ್ಬುಹಲ್ಲು
ಉಬ್ಬುಹಲ್ಲಿನ ಮಕ್ಕಳಿಗೆ ಎಳವೆಯಲ್ಲಿಯೇ ಚಿಕಿತ್ಸೆ ನೀಡಿದರೆ ದವಡೆಯ ಬೆಳವಣಿಗೆ ಸರಿಹೋಗುವುದೆಂಬ ನಂಬಿಕೆ ಬಹುಕಾಲದಿಂದ ಇತ್ತು. ಅಮೆರಿಕದ ಉತ್ತರ ಕೆರೊಲಿನಾ ಮತ್ತು ಫ್ಲಾರಿಡಾಗಳಲ್ಲಿಯೂ ಬ್ರಿಟನ್ನಿನಲ್ಲಿಯೂ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ ಇದನ್ನು ಪರೀಕ್ಷಿಸಲಾಯಿತು. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ವಿಮರ್ಶೆಯ ಸಾರ ಹೀಗಿದೆ: ಎಳವೆಯಲ್ಲಿ ಆರಂಭಿಸಿ ಎರಡು ಹಂತಗಳಲ್ಲಿ ನೀಡುವ ಚಿಕಿತ್ಸೆಯಿಂದ ಮುಂಭಾಗದ ಹಲ್ಲಿಗೆ ಪೆಟ್ಟಾಗುವ ಸಂಭವ ಕಡಿಮೆಯಾಗುತ್ತದೆ; ಉಳಿದಂತೆ, ಹದಿಹರೆಯದಲ್ಲಿ ಒಂದೇ ಹಂತದಲ್ಲಿ ನೀಡುವ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವಿಲ್ಲ.

ಎರಡು ಹಂತವೆಂದರೆ ಖರ್ಚು ಹಾಗೂ ಓಡಾಟವೂ ಹೆಚ್ಚು. ಪ್ರತಿ ಭೇಟಿಗೆ ಒಂದು ದಿನದ ಕೂಲಿ ಬಿಡಬೇಕಾದ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಬಿದ್ದು ಹಲ್ಲು ಮುರಿದುಕೊಳ್ಳುವ ಅಪಾಯ ಹೆಚ್ಚಿರುವ ಮಗುವಿಗೆ ಬೇಗ ಆರಂಭಿಸುವುದೇ ಸೂಕ್ತವಾಗಬಹುದು.

3. ಅರಿವು ಮತ್ತು ಬಳಕೆ
ಅಮೆರಿಕದ ಆರ್ಥೊಡಾಂಟಿಸ್ಟರ ಕುರಿತು 2011ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಹುತೇಕರು ಈ ಪದ್ಧತಿಯ ಪರವಾಗಿದ್ದರು. ಆದರೆ ಒಂದಕ್ಕೊಂದು ಹೊಂದದ ಸಂಶೋಧನೆಗಳು ಅದರ ಬಳಕೆಗೆ ಪ್ರಮುಖ ಅಡ್ಡಿಯೆಂದು ತಿಳಿಸಿದ್ದರು. ಒಪ್ಪುವುದು ಬೇರೆ, ದಿನನಿತ್ಯ ಆಚರಿಸುವುದು ಬೇರೆ. ರೋಗಿಯ ಕಡೆಯಿಂದ ಪ್ರಶ್ನೆ ಬಂದಾಗ ಈ ಅಂತರ ಕಿರಿದಾಗುತ್ತದೆ.

4. ಸದಸ್ಯರ ಪಾತ್ರ
ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆಗಳಲ್ಲಿ ಪೋಷಕರಿಗೆ ಈ ಪ್ರಶ್ನೆಗಳನ್ನು ತಿಳಿಸುವುದು:
ಅ) ಈಗಲೇ ಆರಂಭಿಸಬೇಕೆ? ಕಾದರೆ ಏನಾಗುವುದು?
ಆ) ಬೇರೆ ಮಾರ್ಗಗಳಾವುವು? ಅವುಗಳ ಲಾಭ, ಅಪಾಯಗಳೇನು?
ಇ) ಈ ಸಲಹೆಗೆ ಸಂಶೋಧನೆಯ ಆಧಾರವಿದೆಯೆ?
ಈ) ಒಟ್ಟು ಅವಧಿ, ಭೇಟಿ ಮತ್ತು ವೆಚ್ಚವೆಷ್ಟು?

ವಿ.ಸೂ.: ಸೀಳುತುಟಿ, ಸೀಳು ಅಂಗುಳವುಳ್ಳ ಮಕ್ಕಳ ವಿಷಯದಲ್ಲಿ ಕಾಯುವಂತಿಲ್ಲ. ಅಂಥವರನ್ನು ಆಶಾ ಕಾರ್ಯಕರ್ತೆಯರ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಗಮನಕ್ಕೆ ಕೂಡಲೇ ತರತಕ್ಕದ್ದು. ಮೇಲಿನ ಪ್ರಶ್ನೆಗಳು ವೈದ್ಯರ ಮೇಲಿನ ಅವಿಶ್ವಾಸವಲ್ಲ. ನಿರ್ಧಾರದಲ್ಲಿ ಪೋಷಕರು ವಹಿಸಬೇಕಾದ ಪಾಲು.