ಮರಿ ಹಾಕಿದ ಕುದುರೆಯ ಮಾಸು: ಮೂರು ಗಂಟೆಯ ಲೆಕ್ಕ

ಆಕಳು ಇಲ್ಲವೆ ಎಮ್ಮೆ ಈದ ಮೇಲೆ ಮಾಸು ಬೀಳಲು ಅರ್ಧ ದಿನ ತಡವಾದರೂ ನಮ್ಮ ರೈತರು ಅಷ್ಟಾಗಿ ಗಾಬರಿಯಾಗುವುದಿಲ್ಲ. ಆದರೆ ಇದೇ ಲೆಕ್ಕವನ್ನು ಕುದುರೆಗೂ ಹಚ್ಚಿದರೆ ಕುದುರೆಯನ್ನೇ ಕಳೆದುಕೊಳ್ಳಬೇಕಾದೀತು. ಟಾಂಗಾಕ್ಕೆ ಕುದುರೆ ಸಾಕಿದವರೂ, ಕುರಿಹಿಂಡಿನೊಡನೆ ಊರೂರು ತಿರುಗುವಾಗ ಸಾಮಾನು ಹೊರಿಸಲು ಕುದುರೆ ಇಟ್ಟುಕೊಂಡ ಕುರಿಗಾರರೂ ಈ ಸಂಗತಿಯನ್ನು ತಿಳಿದಿರಬೇಕು.

ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಹೆಚ್ಚಾಗಿ ಅದು ಮರಿ ಹಾಕುವುದು ರಾತ್ರಿ ಹೊತ್ತಿನಲ್ಲಿ. ಮರಿ ಬಿದ್ದ ವೇಳೆಯನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿರಿ. ಅಲ್ಲಿಂದ ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಮಾಸು ಬೀಳಬೇಕು. ಮೂರು ಗಂಟೆ ಮೀರಿದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿರಿ.

ಇಷ್ಟು ಅವಸರವೇಕೆ? ಒಳಗುಳಿದ ಮಾಸು ಕೊಳೆಯತೊಡಗಿ ಗರ್ಭಕೋಶಕ್ಕೆ ನಂಜಾಗುತ್ತದೆ. ಆ ನಂಜು ಕುದುರೆಯಲ್ಲಿ ಬಲುಬೇಗ ರಕ್ತಕ್ಕೆ ಸೇರುತ್ತದೆ. ಕುದುರೆ ಮೇವು ಬಿಡುತ್ತದೆ, ಜ್ವರ ಬರುತ್ತದೆ, ಹಾಲು ಇಳಿದುಹೋಗುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಗೊರಸಿನೊಳಗಿನ ಮೃದು ಪದರಗಳಿಗೆ ಉರಿಯೂತ ತಗಲುತ್ತದೆ. ಗರ್ಭಕೋಶದ ರೋಗ ಕಾಲಿಗೆ ಇಳಿಯುತ್ತದೆಂದರೆ ಹಲವರು ನಂಬುವುದಿಲ್ಲ. ಕುಂಟಿಗೆ ಲಾಳವೇ ಕಾರಣವೆಂದು ಲಾಳ ಕೀಳಿಸುತ್ತಾರೆ. ಗೊರಸು ಮುಟ್ಟಿದರೆ ಬಿಸಿ, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುವುದು, ಹೆಜ್ಜೆ ಕೀಳಲು ಒಲ್ಲೆನೆನ್ನುವುದು ಇದರ ಗುರುತುಗಳು. ಗೊರಸಿನೊಳಗಿನ ಎಲುಬು ಸಡಿಲಗೊಂಡು ಕೆಳಗಿಳಿಯಿತೆಂದರೆ ಆ ಕುದುರೆ ಮತ್ತೆ ಭಾರ ಹೊರುವುದು ಕಷ್ಟ.

ವೈದ್ಯರು ಬರುವವರೆಗೆ ನೀವು ಮಾಡಬೇಕಾದದ್ದು ಸ್ವಲ್ಪ, ಮಾಡಬಾರದ್ದೇ ಹೆಚ್ಚು. ಜೋತಾಡುವ ಮಾಸನ್ನು ಮಡಿಸಿ, ಕುದುರೆ ತುಳಿಯದಂತೆ ಹಿಂಗಾಲಿನ ಮಂಡಿಗಿಂತ ಮೇಲಕ್ಕೆ ದಾರದಿಂದ ಕಟ್ಟಿರಿ. ಕೈಯಿಂದ ಎಳೆಯಬೇಡಿರಿ. ಇಟ್ಟಿಗೆಯನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟಿ ಭಾರ ಬಿಡುವ ರೂಢಿಯಂತೂ ಬೇಡವೇ ಬೇಡ. ಎಳೆದರೆ ಮಾಸು ಹರಿದು ತುಂಡು ಒಳಗುಳಿಯುತ್ತದೆ, ರಕ್ತಸ್ರಾವವಾಗುತ್ತದೆ, ಗರ್ಭಕೋಶವೇ ಹೊರಬರಲೂಬಹುದು. ಎಮ್ಮೆಗೆ ಹಾಲಿಳಿಸಲು ಕೆಲವರು ಕದ್ದು ಚುಚ್ಚುವ ಆಕ್ಸಿಟೋಸಿನ್ ಮದ್ದನ್ನೇ ವೈದ್ಯರು ಮಾಸು ಬೀಳಿಸಲು ಕೊಡುತ್ತಾರೆ, ನಿಜ. ಪ್ರಮಾಣ ತಿಳಿಯದೆ ನೀವೇ ಕೊಟ್ಟರೆ ಕುದುರೆಗೆ ತೀವ್ರ ಹೊಟ್ಟೆಶೂಲೆ ಬರುತ್ತದೆ.

ಮಾಸು ತಾನಾಗಿ ಬಿದ್ದರೂ ಅದನ್ನು ನಾಯಿಗೆ ಬಿಡದೆ ನೆಲದ ಮೇಲೆ ಹರಡಿ ನೋಡಿರಿ. ಅದು ಎರಡು ಕಾಲಿನ ಚಲ್ಲಣದಂತಿರುತ್ತದೆ. ಒಂದು ಕಾಲು ದೊಡ್ಡದು, ಇನ್ನೊಂದು ಸಣ್ಣದು. ಮರಿ ಹೊರಬಂದ ಕಡೆ ತೂತಿರುವುದು ಸಹಜ. ಎರಡೂ ಕಾಲುಗಳ ತುದಿ ಮಾತ್ರ ಮುಚ್ಚಿರಬೇಕು. ಹರಿದು ಒಳಗುಳಿಯುವುದು ಸಾಮಾನ್ಯವಾಗಿ ಸಣ್ಣ ಕಾಲಿನ ತುದಿ. ಅಂಗೈಯಗಲದ ಚೂರೂ ಅಪಾಯವೇ. ಸಂಶಯವಿದ್ದರೆ ಬಕೆಟ್ಟಿನ ನೀರಿನಲ್ಲಿಟ್ಟು ವೈದ್ಯರಿಗೆ ತೋರಿಸಿರಿ, ಆಮೇಲೆ ಆಳವಾಗಿ ಹೂಳಿರಿ.

ಮರಿ ಹಾಕಿದೊಡನೆ ಸ್ವಲ್ಪ ಹೊಟ್ಟೆನೋವು ಇರುವುದುಂಟು. ಆದರೆ ವಸಡು ಬಿಳಿಚಿಕೊಂಡು, ಮೈ ಬೆವರಿ ನಡುಗುತ್ತಿದ್ದರೆ ಒಳಗೆ ರಕ್ತನಾಳ ಒಡೆದಿರಬಹುದು. ಅಂಥ ಕುದುರೆಯನ್ನು ನಡೆದಾಡಿಸಬಾರದು. ಮರಿ ಕಣ್ಣಿಗೆ ಬೀಳುವಂತೆ ಶಾಂತವಾದ ಕಡೆ ನಿಲ್ಲಿಸಿ ವೈದ್ಯರನ್ನು ಕರೆಸಿರಿ.

ಮುಂದಿನ ಐದು ದಿನ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿರಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 102 ದಾಟಿದರೆ ಚಿಕಿತ್ಸೆ ಬೇಕು. ಹಿಂಡು ಮುಂದಿನ ಊರಿಗೆ ಹೊರಟಿದೆಯೆಂದು ಮರುದಿನವೇ ಹೇರು ಹೊರಿಸಬೇಡಿರಿ. ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಯಾವಾಗ ಹಾಕಿಸಿತ್ತೆಂಬುದನ್ನೂ ವೈದ್ಯರಿಗೆ ಹೇಳಿರಿ. ತಾಯಿ ಮಲಗಿ ಮರಿಗೆ ಮೊಲೆ ಸಿಗದಿದ್ದರೆ, ಗಿಣ್ಣುಹಾಲನ್ನು ಶುಚಿಯಾದ ಪಾತ್ರೆಗೆ ಕರೆದು ಮೊದಲ ಕೆಲವು ಗಂಟೆಗಳೊಳಗೇ ಬಾಟಲಿಯಿಂದ ಕುಡಿಸಿರಿ. ಒಂದು ದಿನ ಕಳೆದ ಮೇಲೆ ಅದರಲ್ಲಿನ ರೋಗನಿರೋಧಕ ಶಕ್ತಿ ಮರಿಯ ರಕ್ತಕ್ಕೆ ಸೇರುವುದಿಲ್ಲ.