ವರ್ತಕರ ವಿಮಾನಯಾನ: ಭದ್ರತಾ ತಪಾಸಣೆಗೆ ಪೂರ್ವಸಿದ್ಧತೆ

ವ್ಯಾಪಾರದ ನಿಮಿತ್ತ ವಿಮಾನ ಏರುವುದು ಮಹಾನಗರಗಳ ದೊಡ್ಡ ಉದ್ಯಮಿಗಳಿಗಷ್ಟೇ ಮೀಸಲಾದ ಸಂಗತಿಯಾಗಿ ಉಳಿದಿಲ್ಲ. ದುದ್ದ ಹೋಬಳಿಯ ಬೆಲ್ಲದ ವರ್ತಕರಾಗಲಿ, ಮದ್ದೂರಿನ ತೆಂಗಿನ ವ್ಯಾಪಾರಿಗಳಾಗಲಿ, ಸೋಮನಹಳ್ಳಿ ಅಥವಾ ತೂಬಿನಕೆರೆ ಕೈಗಾರಿಕಾ ಪ್ರದೇಶದ ಸಣ್ಣ ತಯಾರಕರಾಗಲಿ, ದೂರದ ಖರೀದಿದಾರರನ್ನು ಕಾಣಲು ವಿಮಾನವನ್ನು ಅವಲಂಬಿಸುವ ಸಂದರ್ಭಗಳು ಬರುತ್ತವೆ. ಇಂತಹ ಪ್ರಯಾಣದಲ್ಲಿ ವಿಮಾನ ತಪ್ಪಿದರೆ ಆಗುವ ನಷ್ಟ ಟಿಕೆಟ್ಟಿನ ಹಣವೊಂದೇ ಅಲ್ಲ. ನಿಗದಿಯಾದ ಭೇಟಿ ತಪ್ಪುತ್ತದೆ, ತೋರಿಸಬೇಕಾದ ಮಾದರಿ ತಪಾಸಣಾ ಮೇಜಿನ ಮೇಲೆಯೇ ಉಳಿಯುತ್ತದೆ, ಕೆಲವೊಮ್ಮೆ ಬರಬೇಕಾದ ಆರ್ಡರು ಬೇರೆಯವರ ಪಾಲಾಗುತ್ತದೆ. ಆದುದರಿಂದ ಭದ್ರತಾ ತಪಾಸಣೆಯ ಸಿದ್ಧತೆಯನ್ನು ವ್ಯಾಪಾರದ ಸಿದ್ಧತೆಯ ಒಂದು ಭಾಗವೆಂದೇ ಪರಿಗಣಿಸುವುದು ಉಚಿತ.

ನಿಯಮಗಳ ಹಿನ್ನೆಲೆ

1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐ.ಸಿ. 814 ವಿಮಾನದ ಅಪಹರಣವಾಯಿತು. ಅದರ ಬೆನ್ನಿಗೇ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಆರಂಭಿಸಿ, ವಿಮಾನ ನಿಲ್ದಾಣಗಳ ಭದ್ರತೆಯನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ವಹಿಸಲಾಯಿತು. 2006ರ ಆಗಸ್ಟ್‌ನಲ್ಲಿ ದ್ರವರೂಪದ ಸ್ಫೋಟಕಗಳನ್ನು ವಿಮಾನಕ್ಕೆ ಒಯ್ಯುವ ಸಂಚು ಬ್ರಿಟನ್‌ನಲ್ಲಿ ಬಯಲಾದ ನಂತರ ದ್ರವಪದಾರ್ಥಗಳ ಮೇಲೆ ಮಿತಿ ಬಂದಿತು. ನಮ್ಮ ದೇಶದಲ್ಲಿ ಈ ನಿಯಮಗಳನ್ನು ರೂಪಿಸುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಜಾರಿಗೆ ತರುವುದು ಭದ್ರತಾ ಪಡೆ. ಮೇಜಿನ ಬಳಿ ನಿಂತ ಸಿಬ್ಬಂದಿ ನಿಯಮವನ್ನು ಪಾಲಿಸುವವರೇ ಹೊರತು ಬದಲಿಸುವವರಲ್ಲ. ಅಲ್ಲಿ ವಾದಕ್ಕಿಳಿಯುವುದರಿಂದ ಸಮಯ ವ್ಯರ್ಥವಾಗುವುದೇ ವಿನಾ ಪ್ರಯೋಜನವಿಲ್ಲ.

ವೇಳೆಯ ಲೆಕ್ಕ

ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ದೂರ. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಿಂದ ಈ ಹಾದಿ ಸುಗಮವಾಗಿದೆಯಾದರೂ, ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ನಗರದ ಉತ್ತರಕ್ಕೆ ಇರುವುದರಿಂದ ನಗರವನ್ನು ದಾಟಲೇಬೇಕು. ವೇಳೆಯನ್ನು ಮುಂದಿನಿಂದ ಹಿಂದಕ್ಕೆ ಎಣಿಸುವುದು ಸರಿಯಾದ ಕ್ರಮ. ಉದಾಹರಣೆಗೆ, ಬೆಳಿಗ್ಗೆ 10 ಗಂಟೆಯ ದೇಶೀಯ ವಿಮಾನಕ್ಕೆ ಲಗೇಜು ಕೊಡುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ, ಅಂದರೆ 9 ಗಂಟೆಗೆ ಮುಚ್ಚುತ್ತದೆ. ವಿಮಾನ ಏರುವ ದ್ವಾರವೂ ಹೊರಡುವ ವೇಳೆಗೆ ಸುಮಾರು 25 ನಿಮಿಷ ಮೊದಲು ಮುಚ್ಚುತ್ತದೆ. 8 ಗಂಟೆಗೆ ನಿಲ್ದಾಣದಲ್ಲಿರಬೇಕಾದ ದುದ್ದದ ಪ್ರಯಾಣಿಕರು ಬೆಳಗಿನ ಜಾವ 4 ಗಂಟೆಗೆ ಮನೆ ಬಿಡುವುದು ಲೇಸು. ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿರುವುದರಿಂದ, ಟಿಕೆಟ್ಟಿನಲ್ಲಿ ಯಾವ ಟರ್ಮಿನಲ್ ನಮೂದಾಗಿದೆ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳತಕ್ಕದ್ದು.

ಹೆಸರು ಮತ್ತು ಗುರುತಿನ ಚೀಟಿ

ನಮ್ಮ ಸೀಮೆಯಲ್ಲಿ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಡುವುದು ವಾಡಿಕೆ. ಟಿಕೆಟ್ಟಿನಲ್ಲಿ ‘ಡಿ.ಎಸ್. ರಾಜು’ ಎಂದಿದ್ದು, ಆಧಾರ್‌ನಲ್ಲಿ ‘ರಾಜು ದುದ್ದ ಸಿದ್ದಪ್ಪ’ ಎಂದಿದ್ದರೆ ಪ್ರವೇಶದ್ವಾರದಲ್ಲಿಯೇ ಪ್ರಶ್ನೆ ಏಳಬಹುದು. ಟಿಕೆಟ್ ಕಾಯ್ದಿರಿಸುವಾಗ ಅಂಗಡಿಯ ಫಲಕದಲ್ಲಿರುವ ಹೆಸರನ್ನು ಹೇಳದೆ, ಗುರುತಿನ ಚೀಟಿಯನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವಂತೆಯೇ ಬರೆಯಿಸತಕ್ಕದ್ದು. ದೇಶೀಯ ಪ್ರಯಾಣಕ್ಕೆ ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್ ಇವುಗಳಲ್ಲಿ ಯಾವುದಾದರೂ ಒಂದರ ಮೂಲಪ್ರತಿ ಸಾಕು. ವಿದೇಶಕ್ಕಾದರೆ ಪಾಸ್‌ಪೋರ್ಟ್ ಕಡ್ಡಾಯ. 2022ರ ಡಿಸೆಂಬರ್ 1ರಂದು ಬೆಂಗಳೂರಿನಲ್ಲಿ ಆರಂಭವಾದ ಡಿಜಿಯಾತ್ರಾ ವ್ಯವಸ್ಥೆಯಲ್ಲಿ ಮುಖಚಹರೆಯ ಆಧಾರದ ಮೇಲೆ ಪ್ರವೇಶ ದೊರೆಯುತ್ತದೆ. ಅದನ್ನು ಬಳಸುವವರೂ ಮೂಲ ಚೀಟಿಯನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಸಾಮಾನಿನ ಮೂರು ಪಾಲು

ಹೊರಡುವ ಹಿಂದಿನ ರಾತ್ರಿ ಸಾಮಾನನ್ನೆಲ್ಲ ಹರಡಿಕೊಂಡು ಮೂರು ಪಾಲು ಮಾಡುವುದು ಉತ್ತಮ: ಕೈಚೀಲಕ್ಕೆ ಸೇರುವುದು, ಚೆಕ್-ಇನ್ ಲಗೇಜಿಗೆ ಸೇರುವುದು, ಮನೆಯಲ್ಲಿಯೇ ಉಳಿಯಬೇಕಾದುದು.

ಕೈಚೀಲಕ್ಕೆ: ಹಣ, ಒಡವೆ, ಕಾಗದಪತ್ರ, ಔಷಧಿ, ಲ್ಯಾಪ್‌ಟಾಪ್. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು. ಚೆಕ್-ಇನ್ ಲಗೇಜಿನಲ್ಲಿ ಸಿಕ್ಕರೆ ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ. ಇವುಗಳ ಮಿತಿ 100 ವ್ಯಾಟ್-ಗಂಟೆ. ಲೆಕ್ಕ ಸರಳವಾದುದು: 20,000 ಮಿಲಿಆಂಪಿಯರ್-ಗಂಟೆಯನ್ನು 3.7 ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಿದರೆ 74 ಬರುತ್ತದೆ. ಅದು ಮಿತಿಯೊಳಗೇ ಇದೆ. ಅಂಕಿ ಅಳಿಸಿಹೋದ ಪವರ್ ಬ್ಯಾಂಕನ್ನು ಒಯ್ಯದಿರುವುದೇ ವಾಸಿ.

ಚೆಕ್-ಇನ್ ಲಗೇಜಿಗೆ: ಸ್ಪ್ಯಾನರ್, ಸ್ಕ್ರೂಡ್ರೈವರ್, ಕತ್ತರಿ, ಚಾಕು, ಅಡಿಕೆ ಕತ್ತರಿ, ಚೂಪಾದ ಲೋಹದ ಬಿಡಿಭಾಗಗಳು, ಖಾರದ ಪುಡಿ, ಉಪ್ಪಿನಕಾಯಿ, ತುಪ್ಪ, ಎಣ್ಣೆ, ಜೋನಿ ಬೆಲ್ಲ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದ ದ್ರವಪದಾರ್ಥ ಪ್ರತಿ ಡಬ್ಬಿಗೆ 100 ಮಿ.ಲೀ. ಮೀರಬಾರದು. ಇಲ್ಲಿ ಗಣನೆಗೆ ಬರುವುದು ಡಬ್ಬಿಯ ಅಳತೆ. ಅರ್ಧ ಖಾಲಿಯಾದ 200 ಮಿ.ಲೀ. ಸೀಸೆಗೂ ಅವಕಾಶವಿಲ್ಲ.

ಮನೆಯಲ್ಲಿಯೇ ಉಳಿಯಬೇಕಾದವು: ಬೆಂಕಿಪೊಟ್ಟಣ, ಲೈಟರ್, ಪಟಾಕಿ, ಬಣ್ಣ, ಥಿನ್ನರ್, ಆಮ್ಲ, ಕೀಟನಾಶಕ. ರಾಸಾಯನಿಕ ಸರಕಿನ ತಯಾರಕರು ‘ಸಣ್ಣ ಸೀಸೆಯ ಮಾದರಿ ಮಾತ್ರ’ ಎಂದು ಹೇಳಿದರೂ ನಡೆಯದು. ಅಂತಹ ಮಾದರಿಗಳನ್ನು ಸರಕು ಸಾಗಣೆಯ ನಿಯಮಾನುಸಾರ ಪ್ರತ್ಯೇಕವಾಗಿ ಕಳುಹಿಸಬೇಕು. ಒಣ ಕೊಬ್ಬರಿ ಕೂಡ ಇದೇ ಪಾಲಿಗೆ ಸೇರುತ್ತದೆ. ಎಣ್ಣೆಯ ಅಂಶದಿಂದಾಗಿ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ಪರಿಗಣಿತವಾಗಿದೆ. ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಅವಕಾಶವಿಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ಸೀಮಿತ ಅವಧಿಯ ವಿನಾಯಿತಿ ನೀಡಲಾಗಿತ್ತು. ಅದನ್ನು ವ್ಯಾಪಾರದ ಮಾದರಿಗೆ ಅನ್ವಯಿಸಲಾಗದು.

ಬೆಲ್ಲದ ಅಚ್ಚಿಗೆ ನಿಷೇಧವಿಲ್ಲ. ಆದರೆ ಎಕ್ಸ್-ರೇ ಪರದೆಯಲ್ಲಿ ಸಸ್ಯಜನ್ಯ ಪದಾರ್ಥಗಳು ಕಿತ್ತಳೆ ಬಣ್ಣದಲ್ಲಿ, ಲೋಹಗಳು ನೀಲಿ ಬಣ್ಣದಲ್ಲಿ ಕಾಣುತ್ತವೆ. ಸ್ಫೋಟಕಗಳಲ್ಲಿ ಹಲವು ಕಿತ್ತಳೆ ಬಣ್ಣದಲ್ಲಿಯೇ ಕಾಣುವುದರಿಂದ, ದಟ್ಟವಾದ ಬೆಲ್ಲದ ಮುದ್ದೆಯನ್ನು ಬಿಚ್ಚಿ ತೋರಿಸಲು ಹೇಳುವುದು ಸಹಜ. ಮಾದರಿಯನ್ನು ಹಲವು ಪದರ ಕಾಗದದಲ್ಲಿ ಸುತ್ತಿ ಹುರಿ ಬಿಗಿಯುವ ಬದಲು ಪಾರದರ್ಶಕ ಡಬ್ಬಿಯಲ್ಲಿಟ್ಟು, ಸಂಸ್ಥೆಯ ಹೆಸರಿನ ಚೀಟಿ ಅಂಟಿಸಿ, ಚೀಲದ ಮೇಲ್ಭಾಗದಲ್ಲಿಟ್ಟರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ನಗದು, ಒಡವೆ, ಮಾದರಿಗಳಿಗೆ ದಾಖಲೆ

ದೇಶದೊಳಗೆ ಇಷ್ಟೇ ನಗದು ಒಯ್ಯಬೇಕೆಂಬ ಮಿತಿ ಕಾನೂನಿನಲ್ಲಿಲ್ಲ. ಆದರೆ ದೊಡ್ಡ ಮೊತ್ತ ಕಂಡುಬಂದಾಗ ಭದ್ರತಾ ಸಿಬ್ಬಂದಿ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತಾರೆ. ಮೂಲ ವಿವರಿಸಲಾಗದ ಹಣವನ್ನು ಇಲಾಖೆ ವಶಪಡಿಸಿಕೊಳ್ಳಬಹುದು. ಬ್ಯಾಂಕಿನಿಂದ ಹಣ ತೆಗೆದ ದಾಖಲೆ, ನಗದು ಪುಸ್ತಕದ ಆ ದಿನದ ಪುಟದ ಪ್ರತಿ, ಪ್ಯಾನ್ ಕಾರ್ಡ್ ಇವು ಜೊತೆಗಿರಬೇಕು. ಹಣ ಒಯ್ಯುವವರು ನೌಕರರಾಗಿದ್ದರೆ ಮಾಲೀಕರ ಸಹಿಯುಳ್ಳ ಅಧಿಕಾರಪತ್ರವೂ ಬೇಕು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಸ್ವೀಕರಿಸುವುದಕ್ಕೆ ನಿರ್ಬಂಧವಿರುವುದರಿಂದ, ‘ವಸೂಲಿಯ ಹಣ’ ಎಂಬ ವಿವರಣೆಯೇ ಮುಳುವಾಗಬಹುದು. ಬ್ಯಾಂಕಿನ ಮೂಲಕ ವರ್ಗಾಯಿಸುವುದೇ ಶ್ರೇಯಸ್ಕರ. ವಿದೇಶಕ್ಕೆ ಹೊರಡುವವರು ಭಾರತೀಯ ನೋಟುಗಳನ್ನು 25,000 ರೂಪಾಯಿವರೆಗೆ ಒಯ್ಯಬಹುದು; ಕೆಲವು ನೆರೆರಾಷ್ಟ್ರಗಳಿಗೆ ಪ್ರತ್ಯೇಕ ನಿಯಮಗಳಿವೆ.

ಮಾರಾಟವಲ್ಲದೆ ಮಾದರಿಯಾಗಿ ಒಯ್ಯುವ ಸರಕಿಗೆ ಜಿ.ಎಸ್.ಟಿ. ನಿಯಮದಂತೆ ಡೆಲಿವರಿ ಚಲನ್ ಬರೆಯತಕ್ಕದ್ದು. 2019ರ ಜುಲೈ 18ರ ಸುತ್ತೋಲೆಯ ಪ್ರಕಾರ ಪ್ರದರ್ಶನಕ್ಕಾಗಿ ವಿದೇಶಕ್ಕೆ ಒಯ್ದ ಸರಕು ಒಯ್ದ ಮಾತ್ರಕ್ಕೆ ಪೂರೈಕೆ ಎನಿಸದು. 6 ತಿಂಗಳೊಳಗೆ ಅದು ಮಾರಾಟವಾಗಬೇಕು ಇಲ್ಲವೇ ಹಿಂದಿರುಗಬೇಕು. ಬೆಲೆಬಾಳುವ ಒಡವೆ ಧರಿಸಿ ವಿದೇಶಕ್ಕೆ ಹೊರಡುವವರು ಸುಂಕದ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದರೆ, ಮರಳುವಾಗ ಅದೇ ಒಡವೆಗೆ ಸುಂಕದ ಪ್ರಶ್ನೆ ಏಳುವುದಿಲ್ಲ.

ತಪಾಸಣೆಯ ಸಾಲಿನಲ್ಲಿ

ಸಾಲು ಸೇರುವ ಮೊದಲೇ ಮೊಬೈಲು, ಪರ್ಸು, ಕೀಲಿಕೈ, ಚಿಲ್ಲರೆ, ಬೆಲ್ಟು ಇವುಗಳನ್ನು ಚೀಲದೊಳಗೆ ಹಾಕಿಕೊಂಡರೆ ಟ್ರೇಯಲ್ಲಿ ಏನನ್ನೂ ಮರೆತು ಹೋಗುವ ಭಯವಿಲ್ಲ. ಲ್ಯಾಪ್‌ಟಾಪನ್ನು ಸಿಬ್ಬಂದಿಯ ಸೂಚನೆಯಂತೆ ಹೊರತೆಗೆದು ಇಡಬೇಕು. ಮಹಿಳೆಯರ ತಪಾಸಣೆಯನ್ನು ಮರೆಯಾದ ಕೋಣೆಯಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಾರೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊದಲೇ ತಿಳಿಸಿ ವೈದ್ಯರ ಚೀಟಿ ತೋರಿಸಬೇಕು. ಅಪರಿಚಿತರ ಪೊಟ್ಟಣವನ್ನು ದಾಕ್ಷಿಣ್ಯಕ್ಕೂ ಒಯ್ಯಲಾಗದು. ‘ಬಾಂಬು’ ಎಂಬ ಮಾತನ್ನು ಹಾಸ್ಯಕ್ಕೂ ಆಡಬಾರದು. ಅದು ಪ್ರಯಾಣವನ್ನು ತಪ್ಪಿಸುವುದಷ್ಟೇ ಅಲ್ಲ, ಪೊಲೀಸ್ ಪ್ರಕರಣಕ್ಕೂ ದಾರಿಯಾಗುತ್ತದೆ.

ಲೆಕ್ಕಪತ್ರಗಳು ಕ್ರಮವಾಗಿರುವ ವರ್ತಕರಿಗೆ ಲೆಕ್ಕಪರಿಶೋಧನೆ ಹೇಗೆ ಭಾರವೆನಿಸದೋ, ಚೀಲ ಕ್ರಮವಾಗಿರುವ ಪ್ರಯಾಣಿಕರಿಗೆ ಭದ್ರತಾ ತಪಾಸಣೆಯೂ ಹಾಗೆಯೇ. ಪ್ರತಿಯೊಂದು ವಸ್ತುವಿಗೂ ಅದರದೇ ಸ್ಥಳ, ಬೆಲೆಬಾಳುವ ಪ್ರತಿಯೊಂದಕ್ಕೂ ಒಂದು ದಾಖಲೆ ಎಂಬ ನಿಯಮವನ್ನು ಮನೆಯಲ್ಲಿಯೇ ಪಾಲಿಸಿದರೆ, ವರ್ತಕರು ಸಮಯಕ್ಕೆ ಸರಿಯಾಗಿ, ಮಾದರಿಯೊಡನೆ, ನೆಮ್ಮದಿಯಿಂದ ಖರೀದಿದಾರರ ಎದುರು ಕುಳಿತಿರಬಹುದು.